ಸಂಜೆಯ ಪಂದ್ಯ



ಭಾನುವಾರ ಸಂಜೆ ಆಯ್ತು ಅಂದ್ರೆ ಊರ ಬಯಲಿನಲ್ಲಿ ಗದ್ದಲ ಶುರು. "ಔಟ್! ಔಟ್!" ಎಂದು ಕೆಲವರು ಕೂಗುತ್ತಾರೆ. "ಎಲ್ಲಿ ಔಟು? ಔಟಿಲ್ಲ" ಎಂದು ಇನ್ನು ಕೆಲವರು ವಾದ ಮಾಡುತ್ತಾರೆ. ಚೆಂಡು ಒಮ್ಮೊಮ್ಮೆ ನಮ್ಮ ಹಿತ್ತಲಿಗೇ ಬಂದು ಬೀಳುತ್ತದೆ. "ಆಂಟಿ, ಬಾಲ್ ಕೊಡಿ" ಅಂತ ಹುಡುಗರು ಕಾಂಪೌಂಡಿನ ಆಚೆಯಿಂದ ಕೇಳುತ್ತಾರೆ. ನಾವು ಚೆಂಡು ಎಸೆಯುತ್ತೇವೆ. ಮತ್ತೆ ಒಲೆಯ ಕಡೆ ತಿರುಗುತ್ತೇವೆ.

ಈ ಆಟ ಏನು? ಯಾರು ಗೆದ್ದರು, ಹೇಗೆ ಗೆದ್ದರು? ನಮ್ಮಲ್ಲಿ ಬಹಳ ಜನಕ್ಕೆ ತಿಳಿಯದು. "ಗಂಡುಮಕ್ಕಳ ಆಟ, ನಮಗ್ಯಾಕೆ?" ಅಂತ ಸುಮ್ಮನಿದ್ದೇವೆ.

ಆದರೆ ಈ ಆಟದಲ್ಲಿ ನಮಗೆ ಬೇಕಾದ ಮೂರು ಸಂಗತಿಗಳಿವೆ. ಒಂದು, ಲೆಕ್ಕ. ಎರಡು, ಊರಿನ ಬಯಲು. ಮೂರು, ನಮ್ಮ ಹೆಣ್ಣುಮಕ್ಕಳ ಪಾಲು. ಒಂದೊಂದಾಗಿ ತಿಳಿಯೋಣ.

ಯಾರು ಆಡ್ತಾರೆ?

ಇವತ್ತು ಎಲ್ಲರೂ ಎಲೆಕ್ಟ್ರಾನಿಕ್ ಸಿಟಿ ಎಂದು ಕರೆಯುವ ಜಾಗ ಮೊದಲು ಹಳ್ಳಿಗಳ ಹೊಲವಾಗಿತ್ತು. ರಾಗಿ ಬೆಳೆಯುವ ಸೀಮೆ ಇದು. 1978ರಲ್ಲಿ ಕರ್ನಾಟಕ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಇಲ್ಲಿ ಕೈಗಾರಿಕಾ ಪ್ರದೇಶ ಶುರು ಮಾಡಿತು. ದೊಡ್ಡತೋಗೂರು ಮತ್ತು ಕೋನಪ್ಪನ ಅಗ್ರಹಾರದ 332 ಎಕರೆ ಜಮೀನು ಇದಕ್ಕೆ ಹೋಯಿತು. ಆಗ ಕಿಯೋನಿಕ್ಸಿನ ಮುಖ್ಯಸ್ಥರಾಗಿದ್ದವರು ಆರ್.ಕೆ. ಬಾಳಿಗ. ಮೊದಲು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಬಂದವು. ತೊಂಬತ್ತರ ದಶಕದಲ್ಲಿ ದೊಡ್ಡ ದೊಡ್ಡ ಕಂಪ್ಯೂಟರ್ ಕಂಪನಿಗಳು ಬಂದವು. 2010ರಲ್ಲಿ ಹೊಸೂರು ರಸ್ತೆಯ ಮೇಲೆ ಮೇಲ್ಸೇತುವೆ ಆಯಿತು. 2025ರ ಆಗಸ್ಟಿನಲ್ಲಿ ಮೆಟ್ರೊ ರೈಲೂ ಬಂತು.

ಇಷ್ಟೆಲ್ಲ ಬಂದರೂ ಊರುಗಳ ಹೆಸರು ಅಳಿಸಿಲ್ಲ. ದೊಡ್ಡತೋಗೂರು, ಚಿಕ್ಕತೋಗೂರು, ವೀರಸಂದ್ರ, ಹೆಬ್ಬಗೋಡಿ, ಬೆಟ್ಟದಾಸನಪುರ ಈಗಲೂ ಇವೆ. ಜನ ಮಾತ್ರ ಹೆಚ್ಚಾಗಿದ್ದಾರೆ. ಊರಿನ ಹಳೇ ಮನೆಗಳ ಹುಡುಗರಿದ್ದಾರೆ. ಬಾಡಿಗೆ ಮನೆಗೆ ಬಂದ ಕಾರ್ಖಾನೆ ಕೆಲಸಗಾರರಿದ್ದಾರೆ. ಡ್ರೈವರುಗಳು, ಸೆಕ್ಯೂರಿಟಿಯವರು, ಮನೆಮನೆಗೆ ಊಟ ತಲುಪಿಸುವ ಹುಡುಗರು, ಪಿಜಿಯಲ್ಲಿರುವ ಕಂಪ್ಯೂಟರ್ ಕೆಲಸದವರು ಇದ್ದಾರೆ. ಒಬ್ಬರದು ಕನ್ನಡ, ಒಬ್ಬರದು ತೆಲುಗು, ತಮಿಳು, ಇನ್ನೊಬ್ಬರದು ಹಿಂದಿ, ಒಡಿಯಾ. ವಾರವೆಲ್ಲ ಶಿಫ್ಟು. ಎದುರು ಮನೆಯವರ ಮುಖವೂ ಸರಿಯಾಗಿ ನೋಡಿರುವುದಿಲ್ಲ. ಭಾನುವಾರ ಸಂಜೆ ಚೆಂಡು ಉರುಳಿದರೆ ಇವರೆಲ್ಲ ಒಂದು ಕಡೆ ಸೇರುತ್ತಾರೆ. ಇದು ಈ ಆಟದ ಮೊದಲ ಒಳ್ಳೆಯ ಗುಣ.

ಚಿನ್ನಿದಾಂಡು ಗೊತ್ತಿದ್ದರೆ ಕ್ರಿಕೆಟ್ಟೂ ಗೊತ್ತು

ಕ್ರಿಕೆಟ್ ಇಂಗ್ಲೆಂಡ್ ದೇಶದ ಆಟ. ಬ್ರಿಟಿಷರ ಜೊತೆ ನಮ್ಮ ದೇಶಕ್ಕೆ ಬಂತು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಅವರ ಸೈನಿಕರು, ಅಧಿಕಾರಿಗಳು ಆಡುತ್ತಿದ್ದರು. ಆಮೇಲೆ ಅದು ಪೇಟೆಗೆ ಬಂತು, ಹಳ್ಳಿಗೂ ಬಂತು.

ನಮಗೆ ಚಿನ್ನಿದಾಂಡು ಗೊತ್ತಲ್ವಾ? ದಾಂಡಿನಿಂದ ಚಿನ್ನಿ ಹೊಡೆಯುತ್ತೇವೆ. ಎದುರು ಕಡೆಯವರು ಅದನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಹೊಡೆದವನು ಔಟು. ಕ್ರಿಕೆಟ್ಟಿನಲ್ಲೂ ಹಾಗೇ. ದಾಂಡಿಗೆ ಬದಲು ಬ್ಯಾಟು. ಚಿನ್ನಿಗೆ ಬದಲು ಚೆಂಡು.

ಒಂದು ತಂಡದಲ್ಲಿ 11 ಜನ. ಎರಡು ತಂಡ ಸೇರಿ 22 ಜನ. ಒಂದು ತಂಡ ಬ್ಯಾಟು ಹಿಡಿದು ಹೊಡೆಯುತ್ತದೆ. ಇನ್ನೊಂದು ತಂಡ ಚೆಂಡು ಹಾಕುತ್ತದೆ, ಹಿಡಿಯುತ್ತದೆ. ಆಮೇಲೆ ಅದಲು ಬದಲು.

ಬಯಲಿನ ನಡುವೆ ಒಂದು ಉದ್ದನೆಯ ಪಟ್ಟಿ. ಅದಕ್ಕೆ ಪಿಚ್ ಅಂತಾರೆ. ಅದರ ಉದ್ದ 22 ಗಜ, ಅಂದರೆ 66 ಅಡಿ. ಆರು ಗಜದ ಮೂರು ಸೀರೆಗಳನ್ನು ಉದ್ದಕ್ಕೆ ಹಾಸಿ. ನಾಲ್ಕನೆಯ ಸೀರೆಯಲ್ಲಿ ನಾಲ್ಕು ಗಜ ಸೇರಿಸಿ. ಅಷ್ಟು ಉದ್ದ.

ಪಿಚ್ಚಿನ ಎರಡು ತುದಿಗೂ ಮೂರು ಮೂರು ಕೋಲು ನೆಟ್ಟಿರುತ್ತಾರೆ. ಇವು ಸ್ಟಂಪುಗಳು. ಮೂರೂ ಸೇರಿ ವಿಕೆಟ್. ನೆಲದಿಂದ ಮೇಲೆ 28 ಅಂಗುಲ ಎತ್ತರ. ಕೋಲು ಇಲ್ಲದಿದ್ದರೆ ನಮ್ಮ ಹುಡುಗರು ಇಟ್ಟಿಗೆ ಜೋಡಿಸುತ್ತಾರೆ. ಸೈಜುಗಲ್ಲು ಇಡುತ್ತಾರೆ. ಹಾಲಿನ ಕ್ರೇಟು ಇಡುತ್ತಾರೆ. ಗೋಡೆಯ ಮೇಲೆ ಇದ್ದಿಲಿನಿಂದ ಮೂರು ಗೆರೆ ಎಳೆದರೂ ಆಯ್ತು.

ಹೊಡೆಯುವವರು ಇಬ್ಬರು ಒಟ್ಟಿಗೆ ಬಯಲಿನಲ್ಲಿ ಇರುತ್ತಾರೆ. ಒಬ್ಬೊಬ್ಬರು ಒಂದೊಂದು ತುದಿಯಲ್ಲಿ. ಚೆಂಡು ಹೊಡೆದು ಇಬ್ಬರೂ ಓಡಿ ಜಾಗ ಬದಲಿಸಿದರೆ 1 ಓಟ. ಇದೇ ರನ್ನು. ಚೆಂಡು ನೆಲದ ಮೇಲೆ ಉರುಳಿ ಗಡಿ ದಾಟಿದರೆ 4 ರನ್ನು. ನೆಲ ಮುಟ್ಟದೆ ಹಾರಿ ಗಡಿ ದಾಟಿದರೆ 6 ರನ್ನು.

ಔಟ್ ಆಗುವುದು ಹೇಗೆ?

ಔಟ್ ಆಗಲು ಬಹಳ ದಾರಿಗಳಿವೆ. ಸಂಜೆ ಪಂದ್ಯ ನೋಡಲು ನಾಲ್ಕು ಗೊತ್ತಿದ್ದರೆ ಸಾಕು.

ಚೆಂಡು ಹೋಗಿ ಸ್ಟಂಪಿಗೆ ಬಡಿದರೆ ಬೌಲ್ಡ್.

ಹೊಡೆದ ಚೆಂಡನ್ನು ನೆಲ ಮುಟ್ಟುವ ಮೊದಲು ಹಿಡಿದರೆ ಕ್ಯಾಚ್.

ಓಡುವಾಗ ತಲುಪುವ ಮೊದಲೇ ಚೆಂಡು ಎಸೆದು ಸ್ಟಂಪು ಉರುಳಿಸಿದರೆ ರನ್ ಔಟ್.

ಹೊಡೆಯಲು ಗೆರೆ ಬಿಟ್ಟು ಮುಂದೆ ಹೋದಾಗ, ಸ್ಟಂಪಿನ ಹಿಂದೆ ನಿಂತವನು ಚೆಂಡು ಹಿಡಿದು ಸ್ಟಂಪು ಬೀಳಿಸಿದರೆ ಸ್ಟಂಪಿಂಗ್.

ಯಾರಾದರೂ ಔಟಾದರೆ "ಒಂದು ವಿಕೆಟ್ ಬಿತ್ತು" ಎನ್ನುತ್ತಾರೆ. 11 ಜನರಲ್ಲಿ 10 ಜನ ಔಟಾದರೆ ಆ ತಂಡದ ಆಟ ಮುಗಿಯಿತು. ಯಾಕೆಂದರೆ ಓಡಲು ಜೊತೆಗಾರ ಉಳಿದಿಲ್ಲ.

ಔಟೋ ಅಲ್ಲವೋ ಎಂದು ಹೇಳುವವನು ಅಂಪೈರ್. ಅವನು ಬಾಯಿಗಿಂತ ಕೈಯಲ್ಲಿ ಹೆಚ್ಚು ಮಾತಾಡುತ್ತಾನೆ. ತೋರುಬೆರಳು ಮೇಲೆತ್ತಿದರೆ ಔಟ್. ಒಂದು ಕೈ ಅತ್ತಿತ್ತ ಬೀಸಿದರೆ 4 ರನ್ನು. ಎರಡೂ ಕೈ ಮೇಲೆತ್ತಿದರೆ 6 ರನ್ನು. ಎರಡೂ ಕೈ ಅಗಲಕ್ಕೆ ಚಾಚಿದರೆ ವೈಡ್. ವೈಡ್ ಎಂದರೆ ಚೆಂಡು ಹೊಡೆಯಲು ಎಟುಕದಷ್ಟು ದೂರ ಹೋಯಿತು ಅಂತ. ಒಂದು ಕೈ ಮಾತ್ರ ಪಕ್ಕಕ್ಕೆ ಚಾಚಿದರೆ ನೋಬಾಲ್, ಅಂದರೆ ಚೆಂಡು ಹಾಕಿದ್ದು ತಪ್ಪು ಅಂತ. ಈ ಐದು ಸನ್ನೆ ನೆನಪಿಟ್ಟುಕೊಳ್ಳಿ. ಮುಂದಿನ ಭಾನುವಾರ ದೂರದಿಂದಲೇ ಆಟ ಅರ್ಥವಾಗುತ್ತದೆ.

ಬಯಲಾಟದ ಸ್ವಂತ ಕಾನೂನು

ದೊಡ್ಡ ಪಂದ್ಯಗಳಲ್ಲಿ ಚರ್ಮದ ಗಟ್ಟಿ ಚೆಂಡು ಇರುತ್ತದೆ. ಅದರ ತೂಕ ಸುಮಾರು 160 ಗ್ರಾಂ. ಬಡಿದರೆ ಮೂಳೆ ಮುರಿಯಬಹುದು. ಅದಕ್ಕೇ ಕಾಲಿಗೆ ಪ್ಯಾಡು, ಕೈಗೆ ಗ್ಲೌಸು, ತಲೆಗೆ ಹೆಲ್ಮೆಟ್ಟು ಬೇಕು. ಇದಕ್ಕೆಲ್ಲ ಸಾವಿರಾರು ರೂಪಾಯಿ ಬೇಕು. ಊರಿನ ಆಟಕ್ಕೆ ಟೆನಿಸ್ ಚೆಂಡು ಸಾಕು. ಮಾಮೂಲಿ ಟೆನಿಸ್ ಚೆಂಡಿನ ತೂಕ 60 ಗ್ರಾಮಿಗೂ ಕಡಿಮೆ. ಒಂದು ಬ್ಯಾಟು, ಒಂದು ಚೆಂಡು ಇದ್ದರೆ 22 ಜನ ಆಡಬಹುದು. ಬಡವರ ಮನೆಯ ಹುಡುಗರೂ ಆಡಲು ಆಗುವುದು ಇದರಿಂದಲೇ.

ಸಂಜೆ ಯಾಕೆ ಆಡ್ತಾರೆ? ಬಿಸಿಲು ಇಳಿದಿರುತ್ತದೆ. ಬೆಳಗಿನ ಶಿಫ್ಟು ಮುಗಿದಿರುತ್ತದೆ. ಆದರೆ ಹೊತ್ತು ಕಡಿಮೆ. ಚಳಿಗಾಲದಲ್ಲಿ 6 ಗಂಟೆಗೆಲ್ಲ ಹೊತ್ತು ಮುಳುಗುತ್ತದೆ. ಆದ್ದರಿಂದ ಆಟವನ್ನೂ ಚಿಕ್ಕದು ಮಾಡುತ್ತಾರೆ. ಒಬ್ಬ 6 ಚೆಂಡು ಹಾಕಿದರೆ ಒಂದು ಓವರ್. ಒಂದೊಂದು ತಂಡಕ್ಕೆ 8 ಓವರ್ ಎಂದು ಮಾತಾಡಿಕೊಂಡರೆ 48 ಚೆಂಡು. ನಾಲ್ಕೂವರೆಗೆ ಶುರು ಮಾಡಿದರೆ ಕತ್ತಲಾಗುವ ಮೊದಲು ಎರಡೂ ಕಡೆಯವರ ಆಟ ಮುಗಿಯುತ್ತದೆ.

ಮೊದಲು ಯಾರು ಹೊಡೆಯಬೇಕು? ನಾಣ್ಯ ಚಿಮ್ಮುತ್ತಾರೆ. ನಾಣ್ಯ ಇಲ್ಲದಿದ್ದರೆ ಒಂದು ಬಿಲ್ಲೆ ಕಲ್ಲು. ಒಂದು ಮಗ್ಗುಲಿಗೆ ಎಂಜಲು ಹಚ್ಚಿ ಮೇಲೆ ಎಸೆಯುತ್ತಾರೆ. "ಮಳೆನಾ, ಬಿಸಿಲಾ?" ಅಂತ ಕೇಳುತ್ತಾರೆ. ನಾವೂ ಚಿಕ್ಕಂದಿನಲ್ಲಿ ಹೀಗೇ ಮಾಡಿದ್ದೇವೆ, ಅಲ್ವಾ?

ಊರಿನ ಆಟಕ್ಕೆ ಊರಿನದೇ ಕಾನೂನು. ಚಿಕ್ಕ ಬಯಲಾದರೆ ಒಂದು ಪುಟ ನೆಗೆದ ಚೆಂಡು ಹಿಡಿದರೂ ಔಟ್ ಎನ್ನುತ್ತಾರೆ. ಯಾರದಾದರೂ ಮನೆಯೊಳಗೆ ಚೆಂಡು ಹೊಡೆದರೆ ಹೊಡೆದವನೇ ಔಟ್. ಹತ್ತು ಜನ ಔಟಾದ ಮೇಲೂ ಕೊನೆಯವನು ಒಬ್ಬನೇ ಆಡಬಹುದು ಎಂದು ಕೆಲವು ಕಡೆ ಒಪ್ಪುತ್ತಾರೆ. ಜನ ಬೆಸ ಸಂಖ್ಯೆಯಲ್ಲಿದ್ದರೆ ಒಬ್ಬನನ್ನು ಕಾಮನ್ ಮಾಡುತ್ತಾರೆ. ಅವನು ಎರಡೂ ಕಡೆ ಆಡುತ್ತಾನೆ. ಈ ಕಾನೂನನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಆಡುವವರೇ ಕೂತು ಮಾಡಿಕೊಂಡದ್ದು. ಮೊದಲೇ ಮಾತಾಡಿಕೊಂಡರೆ ಆಮೇಲೆ ಜಗಳ ಇಲ್ಲ.

ಲೆಕ್ಕ ಬರೆಯೋಣ

ಈಗ ನಮ್ಮ ಕೆಲಸಕ್ಕೆ ಬರೋಣ. ಪಂದ್ಯದಲ್ಲಿ ಜಗಳ ಹೆಚ್ಚು ಬರುವುದು ಲೆಕ್ಕದಿಂದ. "ನಲವತ್ತೊಂದು", "ಇಲ್ಲ, ಮೂವತ್ತೊಂಬತ್ತು" ಎಂದು ಕಿತ್ತಾಡುತ್ತಾರೆ. ಯಾರಾದರೂ ಒಬ್ಬರು ಕೂತು ಬರೆದರೆ ಈ ಜಗಳ ಇರುವುದಿಲ್ಲ. ಅದನ್ನು ನಾವು ಬರೆಯಬಹುದು.

ಚೌಕಾಬಾರದಲ್ಲಿ ಕವಡೆ ಎಣಿಸಿದ ಕೈ ನಮ್ಮದು. ಅಕ್ಷರ ಬರುವ ಮೊದಲೂ ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಗೀಟು ಹಾಕಿದ್ದೇವೆ. ಇನ್ನೂರು ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲೂ ಕ್ರಿಕೆಟ್ ಲೆಕ್ಕವನ್ನು ಹೀಗೇ ಇಡುತ್ತಿದ್ದರು. ಒಂದು ಕೋಲು ಹಿಡಿದು, ಒಂದೊಂದು ಓಟಕ್ಕೆ ಚಾಕುವಿನಿಂದ ಒಂದೊಂದು ಗಾಯ ಮಾಡುತ್ತಿದ್ದರು. ಕೊನೆಗೆ ಗಾಯ ಎಣಿಸಿದರೆ ಲೆಕ್ಕ ಸಿಗುತ್ತಿತ್ತು. ಈಗ ನಮಗೆ ಅಂಕಿ ಬರುತ್ತದೆ. ಇನ್ನೂ ಸುಲಭ.

ಒಂದು ಓವರನ್ನು ಹೀಗೆ ಬರೆಯಬೇಕು:

1, 0, 4, ಔಟ್, ವೈಡ್, 2, 1

ಇದನ್ನು ಓದೋಣ. ಮೊದಲ ಚೆಂಡಿಗೆ 1 ರನ್ನು. ಎರಡನೆಯದಕ್ಕೆ ಏನೂ ಇಲ್ಲ. ಮೂರನೆಯದಕ್ಕೆ 4. ನಾಲ್ಕನೆಯದಕ್ಕೆ ಒಬ್ಬ ಔಟ್. ಆಮೇಲೆ ವೈಡ್. ವೈಡಿಗೆ 1 ರನ್ನು ಪುಕ್ಕಟೆ, ಮತ್ತು ಆ ಚೆಂಡು ಲೆಕ್ಕಕ್ಕಿಲ್ಲ. ಅದನ್ನು ಮತ್ತೆ ಹಾಕಬೇಕು. ಐದನೆಯದಕ್ಕೆ 2. ಆರನೆಯದಕ್ಕೆ 1. ಕೂಡಿಸಿ: 1, 4, 1, 2, 1. ಒಟ್ಟು 9. ಒಬ್ಬ ಔಟ್. ಇದನ್ನು "ಒಂದು ವಿಕೆಟಿಗೆ 9" ಎನ್ನುತ್ತಾರೆ.

ಈಗ ಇಡೀ ಪಂದ್ಯ ನೋಡೋಣ. ದೊಡ್ಡತೋಗೂರಿನವರೂ ವೀರಸಂದ್ರದವರೂ ಆಡಿದರು ಎಂದು ಇಟ್ಟುಕೊಳ್ಳಿ. ಮೊದಲು ಹೊಡೆದವರು ದೊಡ್ಡತೋಗೂರಿನವರು. 8 ಓವರಿನಲ್ಲಿ 62 ರನ್ನು ಮಾಡಿದರು. ವೀರಸಂದ್ರದವರು ಗೆಲ್ಲಲು ಎಷ್ಟು ಬೇಕು? 62 ಮಾಡಿದರೆ ಸಮ. ಗೆಲ್ಲಲು 63 ಬೇಕು.

6 ಓವರ್ ಮುಗಿದಾಗ ವೀರಸಂದ್ರದವರು 47 ಮಾಡಿದ್ದಾರೆ. 63ರಲ್ಲಿ 47 ಕಳೆದರೆ 16. ಉಳಿದದ್ದು 2 ಓವರ್, ಅಂದರೆ 12 ಚೆಂಡು. 12 ಚೆಂಡಿಗೆ 16 ರನ್ನು. ಈಗ ಎಲ್ಲರೂ ಎದ್ದು ನಿಲ್ಲುತ್ತಾರೆ. ಯಾಕೆ ಎಂದು ಈಗ ನಮಗೂ ಗೊತ್ತು.

ವೀರಸಂದ್ರದವರು 60ಕ್ಕೆ ನಿಂತರೆ ದೊಡ್ಡತೋಗೂರು 2 ರನ್ನಿನಿಂದ ಗೆದ್ದಿತು. 4 ಜನ ಔಟಾಗಿ 63 ಮುಟ್ಟಿದರೆ ವೀರಸಂದ್ರ 6 ವಿಕೆಟಿನಿಂದ ಗೆದ್ದಿತು. ಬೀಳಬೇಕಾದ 10 ವಿಕೆಟಿನಲ್ಲಿ ಇನ್ನೂ 6 ಉಳಿದಿವೆ ಎಂದು ಇದರ ಅರ್ಥ.

ಪತ್ರಿಕೆಯ ಕೊನೆಯ ಪುಟದಲ್ಲಿ ಬರುವ ಕ್ರಿಕೆಟ್ ಸುದ್ದಿಯೂ ಇಷ್ಟೇ. ನಾಳೆ ಪತ್ರಿಕೆ ಸಿಕ್ಕರೆ ಆ ಪುಟ ತೆಗೆದು ಓದಿ ನೋಡಿ.

ಸ್ನೇಹ ಇದ್ದರೆ ಪಂದ್ಯ

ಸ್ನೇಹದ ಪಂದ್ಯದಲ್ಲಿ ಸೋತವರೂ ಗೆದ್ದವರೂ ಒಟ್ಟಿಗೆ ಟೀ ಕುಡಿಯುತ್ತಾರೆ. ಚೆಂಡಿನ ಖರ್ಚು ಹಂಚಿಕೊಳ್ಳುತ್ತಾರೆ. "ಮುಂದಿನ ವಾರ ನೋಡ್ಕೋತೀವಿ" ಎಂದು ನಗುತ್ತಾ ಹೋಗುತ್ತಾರೆ.

ಆದರೆ ಕೆಲವು ಕಡೆ ಬಾಜಿ ಶುರುವಾಗಿದೆ. ಮೊದಲು ಒಂದು ಚೆಂಡಿನ ಬಾಜಿ. ಆಮೇಲೆ ನೂರು ರೂಪಾಯಿ. ಆಮೇಲೆ ಸಾವಿರ. ಈಗ ಮೊಬೈಲಿನಲ್ಲೂ ಬಾಜಿ ಕಟ್ಟುತ್ತಾರೆ. ದುಡ್ಡು ಬಂದ ಕಡೆ ಸ್ನೇಹ ನಿಲ್ಲುವುದಿಲ್ಲ. ಅಂಪೈರ್ ಬೆರಳೆತ್ತಿದರೆ ಹೊಡೆದಾಟ. ಸೋತವನು ಮನೆಗೆ ಬಂದು ಹೆಂಡತಿಯ ಮೇಲೆ ರೇಗುತ್ತಾನೆ. ಸಂಬಳದ ದುಡ್ಡು ಹೋಗುತ್ತದೆ. ಹಣ ಕಟ್ಟಿ ಬಾಜಿ ಆಡುವುದು ಕಾನೂನಿನ ಪ್ರಕಾರ ಅಪರಾಧ. ಆಟ ಬೇಡ ಎಂದು ನಾವು ಹೇಳುವುದಿಲ್ಲ. ಬಾಜಿ ಬೇಡ ಎಂದು ಗಟ್ಟಿಯಾಗಿ ಹೇಳಬೇಕು.

ಬಯಲು ಯಾರದು?

ಹಿಂದೆ ಆಡಲು ಜಾಗಕ್ಕೆ ಬರ ಇರಲಿಲ್ಲ. ರಾಗಿ ಕೊಯ್ಲಾದ ಮೇಲೆ ಹೊಲವೇ ಮೈದಾನ. ಬೇಸಿಗೆಯಲ್ಲಿ ಒಣಗಿದ ಕೆರೆ ಅಂಗಳವೂ ಮೈದಾನ. ಗೋಮಾಳ ಅಂತೂ ಇದ್ದೇ ಇತ್ತು. ಗೋಮಾಳ ಎಂದರೆ ದನ ಮೇಯಲು ಬಿಟ್ಟ ಸರ್ಕಾರಿ ಜಮೀನು. ಬೆಳಿಗ್ಗೆ ದನ, ಸಂಜೆ ಮಕ್ಕಳು.

ಈಗ ಏನಾಗಿದೆ? ಹೊಲಗಳು ಸೈಟುಗಳಾಗಿವೆ. ಬಯಲಿಗೆ ಕಾಂಪೌಂಡು ಬಂದಿದೆ. ಇವತ್ತು ಆಡಿದ ಜಾಗದಲ್ಲಿ ಮುಂದಿನ ತಿಂಗಳು ಪಾಯ ತೋಡುತ್ತಾರೆ. ಹುಡುಗರು ರಸ್ತೆಗೆ ಇಳಿಯುತ್ತಾರೆ. ರಸ್ತೆಯಲ್ಲಿ ನೀರಿನ ಟ್ಯಾಂಕರು, ಕಂಪನಿ ಬಸ್ಸು ಓಡಾಡುತ್ತವೆ. ಚೆಂಡಿನ ಹಿಂದೆ ಓಡುವ ಮಗುವಿಗೆ ಅದು ಕಾಣುವುದಿಲ್ಲ.

ಇನ್ನೊಂದು ಕಡೆ ಬಾಡಿಗೆ ಮೈದಾನಗಳು ಬಂದಿವೆ. ಸುತ್ತ ಬಲೆ, ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು, ಮೇಲೆ ದೊಡ್ಡ ದೀಪ. ಗಂಟೆ ಲೆಕ್ಕದಲ್ಲಿ ದುಡ್ಡು. ಕೈಯಲ್ಲಿ ದುಡ್ಡಿದ್ದವರು ಅಲ್ಲಿ ಆಡುತ್ತಾರೆ. ಇಲ್ಲದವರ ಮಕ್ಕಳು ಎಲ್ಲಿಗೆ ಹೋಗಬೇಕು?

ಇಲ್ಲಿ ನಮ್ಮ ಓದು ಕೆಲಸಕ್ಕೆ ಬರುತ್ತದೆ. ಪ್ರತಿ ಜಮೀನಿಗೂ ಒಂದು ಸರ್ವೆ ನಂಬರು ಇದೆ. ಆ ನಂಬರು ಹೇಳಿದರೆ ನಾಡಕಚೇರಿಯಲ್ಲಿ ಪಹಣಿ ಸಿಗುತ್ತದೆ. ಪಹಣಿಯಲ್ಲಿ ಜಮೀನು ಯಾರ ಹೆಸರಿನಲ್ಲಿದೆ ಎಂದು ಬರೆದಿರುತ್ತದೆ. ಖಾಸಗಿಯವರ ಹೆಸರಿದೆಯಾ? ಸರ್ಕಾರಿ ಎಂದಿದೆಯಾ? ಗೋಮಾಳ ಎಂದಿದೆಯಾ? ಓದಿ ನೋಡಬೇಕು. ಬಾಯಿ ಮಾತು ಬೇರೆ, ಕಾಗದ ಬೇರೆ. ಸರ್ಕಾರಿ ಜಮೀನು ಇದ್ದರೆ ಅದನ್ನು ಮಕ್ಕಳ ಆಟಕ್ಕೆ ಉಳಿಸಿಕೊಡಿ ಎಂದು ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಪಟ್ಟಣದ ಪಾರ್ಕು, ಮೈದಾನಗಳನ್ನು ಕಾಪಾಡಲು ಕರ್ನಾಟಕದಲ್ಲಿ 1985ರಿಂದಲೇ ಒಂದು ಕಾನೂನು ಇದೆ. ಲೇಔಟಿನ ನಕ್ಷೆಯಲ್ಲಿ ಮೈದಾನ ಎಂದು ತೋರಿಸಿದ ಜಾಗದಲ್ಲಿ ಬೇರೆ ಏನಾದರೂ ಕಟ್ಟುತ್ತಿದ್ದರೆ ಕೇಳುವ ಹಕ್ಕು ನಮಗಿದೆ.

ತಂಗಿ ಎಲ್ಲಿ?

ಸಂಜೆ ನಾಲ್ಕೂವರೆ. ಅಣ್ಣ ಬ್ಯಾಟು ಹಿಡಿದು ಹೊರಡುತ್ತಾನೆ. ತಂಗಿ ಬಿಂದಿಗೆ ಹಿಡಿದು ಹೊರಡುತ್ತಾಳೆ. ಅಣ್ಣ ಆಡಿ ಬರುವಷ್ಟರಲ್ಲಿ ತಂಗಿ ನೀರು ತುಂಬಿಸಿರುತ್ತಾಳೆ, ಪಾತ್ರೆ ತೊಳೆದಿರುತ್ತಾಳೆ, ಚಿಕ್ಕ ಮಗುವನ್ನು ಎತ್ತಿಕೊಂಡಿರುತ್ತಾಳೆ. ಅವನಿಗೆ ಬೆವರು ಬಂದರೆ ಆಟ. ಇವಳಿಗೆ ಬೆವರು ಬಂದರೆ ಕೆಲಸ.

"ಹೆಣ್ಣುಮಗಳು ಬಯಲಲ್ಲಿ ಓಡಿದರೆ ಜನ ಏನಂತಾರೆ?" ಎಂದು ನಾವೇ ಹೇಳುತ್ತೇವೆ. "ಕಪ್ಪಾಗ್ತಾಳೆ" ಅನ್ನುತ್ತೇವೆ. "ದೊಡ್ಡವಳಾದಳು, ಇನ್ನು ಸಾಕು" ಅನ್ನುತ್ತೇವೆ. ಈ ಮಾತು ಎಷ್ಟು ಸರಿ?

ಒಂದು ಹಳೆಯ ಸಂಗತಿ ಕೇಳಿ. 1745ರ ಜುಲೈ ತಿಂಗಳು. ಇಂಗ್ಲೆಂಡಿನ ಸರ್ರೆ ಎಂಬ ಸೀಮೆ. ಬ್ರಾಮ್ಲಿ ಎಂಬ ಊರು, ಹ್ಯಾಂಬಲ್ಡನ್ ಎಂಬ ಇನ್ನೊಂದು ಊರು. ಎರಡೂ ಊರಿನ 11-11 ಹೆಣ್ಣುಮಕ್ಕಳು ಊರಿನ ಸಾರ್ವಜನಿಕ ಬಯಲಿನಲ್ಲಿ ಕ್ರಿಕೆಟ್ ಆಡಿದರು. ಎಲ್ಲರೂ ಬಿಳಿ ಬಟ್ಟೆ ಹಾಕಿದ್ದರು. ಒಂದು ಊರಿನವರ ತಲೆಗೆ ನೀಲಿ ರಿಬ್ಬನ್ನು, ಇನ್ನೊಂದು ಊರಿನವರಿಗೆ ಕೆಂಪು ರಿಬ್ಬನ್ನು. ಹ್ಯಾಂಬಲ್ಡನ್ನಿನವರು 127, ಬ್ರಾಮ್ಲಿಯವರು 119. ಹ್ಯಾಂಬಲ್ಡನ್ ಗೆದ್ದಿತು. ಹೆಂಗಸರ ಕ್ರಿಕೆಟ್ ಬಗ್ಗೆ ಪತ್ರಿಕೆಯಲ್ಲಿ ದಾಖಲಾದ ಮೊದಲ ಪಂದ್ಯ ಇದು. ಅದೂ ಊರಿಗೂ ಊರಿಗೂ ನಡೆದ ಪಂದ್ಯ. ಹಾಗಿದ್ದ ಮೇಲೆ ಇದು ಬರೀ ಗಂಡುಮಕ್ಕಳ ಆಟ ಆಗಿದ್ದು ಯಾವಾಗ?

ಆಡಿ ತೋರಿಸಿದವರು

ನಮ್ಮ ದೇಶದಲ್ಲೂ ಆಡಿ ತೋರಿಸಿದ ಹೆಣ್ಣುಮಕ್ಕಳು ಬಹಳ. ನಮ್ಮ ಬೆಂಗಳೂರಿನಿಂದಲೇ ಶುರು ಮಾಡೋಣ.

ಹಲವು ದಿನ ನಡೆಯುವ ದೊಡ್ಡ ಪಂದ್ಯಕ್ಕೆ ಟೆಸ್ಟ್ ಎನ್ನುತ್ತಾರೆ. ಭಾರತದ ಮಹಿಳೆಯರು ಮೊಟ್ಟಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನಲ್ಲಿ, 1976ರ ಅಕ್ಟೋಬರ್ 31ರಂದು ಶುರುವಾದ ಪಂದ್ಯದಲ್ಲಿ. ಎದುರಾಳಿ ವೆಸ್ಟ್ ಇಂಡೀಸ್. ನಮ್ಮ ತಂಡದ ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಅದೇ ವರ್ಷ ನವೆಂಬರಿನಲ್ಲಿ ಪಟ್ನಾದಲ್ಲಿ ಮೊದಲ ಗೆಲುವೂ ಸಿಕ್ಕಿತು. 1977ರಲ್ಲಿ ಶಾಂತಾ ನ್ಯೂಜಿಲೆಂಡಿನಲ್ಲಿ 108 ರನ್ನು ಹೊಡೆದರು. ಟೆಸ್ಟಿನಲ್ಲಿ ನೂರು ದಾಟಿದ ಮೊದಲ ಭಾರತೀಯ ಮಹಿಳೆ ಅವರು. ಆ ಕಾಲದಲ್ಲಿ ಆಟಗಾರ್ತಿಯರಿಗೆ ದುಡ್ಡಿಲ್ಲ. ಸೀಟು ಕಾಯ್ದಿರಿಸದ ರೈಲು ಡಬ್ಬಿಯಲ್ಲಿ ಊರೂರು ಸುತ್ತಿದ್ದನ್ನು ಶಾಂತಾ ಅವರೇ ಹೇಳಿದ್ದಾರೆ.

ವೇದಾ ಕೃಷ್ಣಮೂರ್ತಿ ಚಿಕ್ಕಮಗಳೂರು ಜಿಲ್ಲೆಯ ಕಡೂರಿನವರು. ಬೀದಿಯಲ್ಲಿ ಹುಡುಗರ ಜೊತೆ ಆಡುತ್ತ ಬೆಳೆದರು. ರಾಜೇಶ್ವರಿ ಗಾಯಕ್ವಾಡ್ ವಿಜಯಪುರದವರು. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಬರೀ 15 ರನ್ನು ಕೊಟ್ಟು 5 ಜನರನ್ನು ಔಟ್ ಮಾಡಿದರು. ಆ ವಿಶ್ವಕಪ್ಪಿನ ಕೊನೆಯ ಪಂದ್ಯದಲ್ಲಿ ಇಬ್ಬರೂ ಆಡಿದರು. ಭಾರತ 9 ರನ್ನಿನಿಂದ ಸೋತಿತು. ಸೋತರೂ ಊರೂರಿನ ಹೆಣ್ಣುಮಕ್ಕಳು ಆ ಆಟ ನೋಡಿದರು.

2024ರಲ್ಲಿ ಬೆಂಗಳೂರಿನ ಮಹಿಳಾ ತಂಡ ಡಬ್ಲ್ಯುಪಿಎಲ್ ಪಂದ್ಯಾವಳಿ ಗೆದ್ದಿತು. ಆ ಸಲ ಎಲ್ಲರಿಗಿಂತ ಹೆಚ್ಚು, 13 ವಿಕೆಟ್ ತೆಗೆದವರು ನಮ್ಮ ಕರ್ನಾಟಕದ ಹುಡುಗಿ ಶ್ರೇಯಾಂಕಾ ಪಾಟೀಲ.

2025ರ ನವೆಂಬರ್ 2ರಂದು ಭಾರತದ ಮಹಿಳೆಯರು ಮೊದಲ ಸಲ ವಿಶ್ವಕಪ್ ಗೆದ್ದರು. ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿದರು. ಅದೇ ತಿಂಗಳಲ್ಲಿ ಇನ್ನೊಂದು ವಿಶ್ವಕಪ್ಪೂ ಬಂತು. ಅದು ಕಣ್ಣು ಕಾಣದ ಮಹಿಳೆಯರ ಕ್ರಿಕೆಟ್. ಅವರ ಚೆಂಡಿನೊಳಗೆ ಗುಂಡುಗಳಿರುತ್ತವೆ. ಉರುಳಿದರೆ ಸದ್ದು ಬರುತ್ತದೆ. ಸದ್ದು ಕೇಳಿ ಹೊಡೆಯುತ್ತಾರೆ. ಆ ತಂಡದ ನಾಯಕಿ ಕರ್ನಾಟಕ-ಆಂಧ್ರ ಗಡಿ ಕಡೆಯ ದೀಪಿಕಾ ಟಿ.ಸಿ.

ಆಟದಿಂದ ಹೊಟ್ಟೆ ತುಂಬುತ್ತಾ? ಕೆಲವರಿಗೆ ತುಂಬಿದೆ. ರೈಲ್ವೆ ಇಲಾಖೆ ಚೆನ್ನಾಗಿ ಆಡುವ ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿದೆ. 2022ರ ಅಕ್ಟೋಬರಿನಲ್ಲಿ ಭಾರತದ ಕ್ರಿಕೆಟ್ ಮಂಡಳಿ ಒಂದು ತೀರ್ಮಾನ ಮಾಡಿತು. ದೇಶದ ತಂಡದಲ್ಲಿ ಆಡುವ ಗಂಡಸರಿಗೂ ಹೆಂಗಸರಿಗೂ ಒಂದು ಪಂದ್ಯಕ್ಕೆ ಒಂದೇ ಹಣ. ಟೆಸ್ಟಿಗೆ 15 ಲಕ್ಷ, ಒಂದು ದಿನದ ಪಂದ್ಯಕ್ಕೆ 6 ಲಕ್ಷ, 20 ಓವರಿನ ಪಂದ್ಯಕ್ಕೆ 3 ಲಕ್ಷ ರೂಪಾಯಿ. ಸಮಾನ ಕೆಲಸಕ್ಕೆ ಸಮಾನ ಕೂಲಿ ಎಂದು ಗಾರೆ ಕೆಲಸದಲ್ಲಿ, ಕಾರ್ಖಾನೆಯಲ್ಲಿ ನಾವು ಕೇಳುತ್ತೇವಲ್ಲ, ಇದೂ ಅದೇ ಮಾತು.

ಎಲ್ಲ ಹುಡುಗಿಯರೂ ದೇಶಕ್ಕೆ ಆಡುವುದಿಲ್ಲ. ಎಲ್ಲ ಹುಡುಗರೂ ಆಡುವುದಿಲ್ಲ. ಆದರೂ ಹುಡುಗರನ್ನು ಆಡಲು ಬಿಡುತ್ತೇವೆ. ಓಡಿದರೆ ಮೈ ಗಟ್ಟಿಯಾಗುತ್ತದೆ. ಹತ್ತು ಜನರ ಜೊತೆ ಸೇರಿ ಕೆಲಸ ಮಾಡುವುದು ಬರುತ್ತದೆ. ಸೋತರೆ ಎದ್ದು ನಿಲ್ಲುವುದು ಬರುತ್ತದೆ. ಇವು ಹೆಣ್ಣುಮಕ್ಕಳಿಗೆ ಬೇಡವಾ?

ನಾವು ಏನು ಮಾಡಬಹುದು?

ಮನೆಯಿಂದ ಶುರು ಮಾಡೋಣ. ವಾರದಲ್ಲಿ ಎರಡು ಸಂಜೆ ಅಣ್ಣ ನೀರು ತರಲಿ, ತಂಗಿ ಆಡಲಿ. ಇದಕ್ಕೆ ದುಡ್ಡು ಬೇಡ, ಅರ್ಜಿ ಬೇಡ.

ಸರ್ಕಾರಿ ಶಾಲೆಗೆ ಎಸ್‌ಡಿಎಂಸಿ ಇದೆ. ಅದರಲ್ಲಿ ತಾಯಂದಿರೂ ಸದಸ್ಯರು. ಸಂಜೆ ಒಂದು ಗಂಟೆ ಶಾಲೆಯ ಅಂಗಳ ಹುಡುಗಿಯರಿಗೆ ಎಂದು ಅಲ್ಲಿ ಕೇಳಬಹುದು. ಶಾಲೆಯ ಅಂಗಳಕ್ಕೆ ಗೋಡೆ ಇದೆ, ಗೇಟು ಇದೆ. ನಾವು ಇಬ್ಬರು ಮೂವರು ಅಲ್ಲೇ ಕೂತರೆ ಮಕ್ಕಳಿಗೂ ಧೈರ್ಯ.

ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅಲ್ಲಿ ಮೈದಾನದ ಮಾತು ಎತ್ತಬೇಕು. ಮಕ್ಕಳ ಗ್ರಾಮ ಸಭೆಯೂ ನಡೆಯುತ್ತದೆ. ಅಲ್ಲಿ ಮಕ್ಕಳೇ ಕೇಳಬಹುದು. ನಮ್ಮ ಊರು ನಗರಸಭೆಗೋ ಪುರಸಭೆಗೋ ಸೇರಿದ್ದರೆ ಅಲ್ಲಿನ ಕಚೇರಿಗೆ ಬರೆದು ಕೊಡಬೇಕು. ಏನು ಕೇಳಿದರೂ ಕಾಗದದಲ್ಲಿ ಬರೆದು ಕೊಡಿ. ಒಂದು ಪ್ರತಿಗೆ ಸಹಿ, ಸೀಲು ಹಾಕಿಸಿಕೊಂಡು ಇಟ್ಟುಕೊಳ್ಳಿ.

ಕೊನೆಯದಾಗಿ, ಮುಂದಿನ ಭಾನುವಾರ ಒಂದು ಪುಸ್ತಕ, ಒಂದು ಪೆನ್ಸಿಲು ಹಿಡಿದು ಬಯಲಿಗೆ ಹೋಗೋಣ. "ಲೆಕ್ಕ ನಾವು ಬರೀತೀವಿ" ಅನ್ನೋಣ. ಹುಡುಗರು ಮೊದಲು ನಗಬಹುದು. ಎರಡನೇ ಓವರಿಗೆ "ಅಕ್ಕಾ, ಎಷ್ಟಾಯ್ತು?" ಅಂತ ಅವರೇ ಬಂದು ಕೇಳುತ್ತಾರೆ.

ಲೆಕ್ಕ ಮಾಡಿ

1. ಒಂದು ಓವರಿನ ಲೆಕ್ಕ ಹೀಗಿದೆ: 2, 0, 6, ವೈಡ್, 1, ಔಟ್, 1. ಒಟ್ಟು ಎಷ್ಟು ರನ್ನು?

2. 10 ಓವರಿಗೆ ಎಷ್ಟು ಚೆಂಡು?

3. ಎದುರು ತಂಡ 54 ರನ್ನು ಮಾಡಿದೆ. ನಮ್ಮ ತಂಡ ಈಗ 41. ಗೆಲ್ಲಲು ಇನ್ನೆಷ್ಟು ಬೇಕು?

4. ಪಂದ್ಯಕ್ಕೆ ಚೆಂಡಿನ ಖರ್ಚು 180 ರೂಪಾಯಿ, ನೀರಿನ ಕ್ಯಾನಿಗೆ 40 ರೂಪಾಯಿ, ಟೀಗೆ 220 ರೂಪಾಯಿ ಎಂದು ಇಟ್ಟುಕೊಳ್ಳಿ. 22 ಜನ ಸಮವಾಗಿ ಹಂಚಿಕೊಂಡರೆ ಒಬ್ಬರಿಗೆ ಎಷ್ಟು?

ಉತ್ತರ: 1) 11 ರನ್ನು. 2) 60 ಚೆಂಡು. 3) 14 ರನ್ನು. 4) 20 ರೂಪಾಯಿ.

ಕೂತು ಮಾತಾಡಿ

ನಿಮ್ಮ ಊರಿನಲ್ಲಿ ಮಕ್ಕಳು ಆಡುವ ಜಾಗ ಯಾವುದು? ಅದು ಯಾರ ಹೆಸರಿನಲ್ಲಿದೆ?

ಹತ್ತು ವರ್ಷದ ಹಿಂದೆ ಎಷ್ಟು ಬಯಲುಗಳಿದ್ದವು? ಈಗ ಎಷ್ಟಿವೆ?

ನೀವು ಕೊನೆಯ ಸಲ ಓಡಿ ಆಡಿದ್ದು ಯಾವಾಗ? ಆಮೇಲೆ ಯಾಕೆ ಬಿಟ್ಟಿರಿ?

ನಿಮ್ಮ ಮಗಳು "ನಾನೂ ಆಡ್ತೀನಮ್ಮ" ಅಂದರೆ ಏನು ಹೇಳುತ್ತೀರಿ?